ತುರ್ಕಿಗೆ ಹೊರಟ ಮಂಡಕ್ಕಿ

ಫೆಬ್ರುವರಿ 7, ಮಂಗಳವಾರ

ಮಿರ್ಚಿ ಹಿಟ್ಟು ಇವತ್ತು ಹನ್ನೊಂದು ಗಂಟೆಗೇ ಮುಗಿಯಿತು. ಅಂಗಡಿ ಮುಂದಿನ ಬೆಂಚಿನವರು ಎದ್ದು ಹೋಗಲೇ ಇಲ್ಲ. ತುರ್ಕಿ ದೇಶದಲ್ಲಿ ನಿನ್ನೆ ಬೆಳಗಿನ ಜಾವ ಭೂಮಿ ನಡುಗಿ ಸಾವಿರಾರು ಜನ ಸತ್ತಿದ್ದಾರೆ. ಪಾಲಾಕ್ಷಪ್ಪ ಮೇಷ್ಟ್ರು ಪೇಪರನ್ನು ಗಟ್ಟಿಯಾಗಿ ಓದಿದರು. ರಿಟೈರ್ ಆಗಿ ಆರು ವರ್ಷವಾದರೂ ಅವರಿಗೆ ಮನಸ್ಸಿನಲ್ಲಿ ಓದಿಕೊಳ್ಳಲು ಬರುವುದಿಲ್ಲ. ಮಹಡಿಯ ಮೇಲೆ ಮಹಡಿ ರೊಟ್ಟಿ ಒಟ್ಟಿದ ಹಾಗೆ ಕುಸಿದ ಫೋಟೊ ಇತ್ತು. ಎಲ್ಲರೂ ಅದನ್ನು ನೋಡಿ ಇನ್ನೊಂದು ಪ್ಲೇಟು ಮಿರ್ಚಿ ತರಿಸಿಕೊಂಡರು. ತಪ್ಪೇನಲ್ಲ. ಹೆದರಿಕೆಯಾದಾಗ ಬಾಯಿಗೆ ಏನಾದರೂ ಬೇಕಾಗುತ್ತದೆ.

ಹೆಂಡತಿ ಗುರುಬಸಮ್ಮ ತೀರಿಹೋಗಿ ಇವತ್ತಿಗೆ ಇಪ್ಪತ್ತೊಂಬತ್ತು ದಿನ.

ಈ ಡೈರಿ ಮಗಳು ಗೀತಾಂಜಲಿ ಕೊಟ್ಟದ್ದು. ಹರಪನಹಳ್ಳಿಯಲ್ಲಿ ಅಳಿಯನಿಗೆ ಗೊಬ್ಬರದ ಅಂಗಡಿ ಇದೆ, ಕಂಪನಿಯವರು ಡೈರಿ ಹಂಚುತ್ತಾರೆ. "ಅಪ್ಪಾಜಿ, ಫೋನಿನೊಳಗ ಹ್ಞೂಂ ಅಂತೀರಿ, ಇಲ್ಲ ಅಂತೀರಿ, ಅಷ್ಟ. ಬಾಯಿಲೆ ಹೇಳಾಕ ಆಗದ್ದು ಇದರಾಗ ಬರೀರಿ" ಎಂದಳು. ನಾನು ಎಸ್ಸೆಸ್ಸೆಲ್ಸಿಗೆ ಒಂದು ಸಲ ಕೂತವನು, ಗಣಿತದಲ್ಲಿ ಹೋಯಿತು. ಬರೆಯಲು ಬರುತ್ತದೆ. ಏನು ಬರೆಯಬೇಕು ಎಂಬುದೇ ಗೊತ್ತಿಲ್ಲ. ಮಧ್ಯಾಹ್ನ ಎರಡರಿಂದ ನಾಲ್ಕು ಅಂಗಡಿ ಖಾಲಿ. ಆಗ ಬರೆಯುತ್ತೇನೆ. ಪುಟದ ಮೇಲೆ ಎಣ್ಣೆ ಕಲೆ ಬೀಳುತ್ತದೆ, ಬೀಳಲಿ.

ಹಗರಿಬೊಮ್ಮನಹಳ್ಳಿಯ ಬಸ್ ನಿಲ್ದಾಣದ ಎದುರು ಇಪ್ಪತ್ತಾರು ವರ್ಷದಿಂದ ನಮ್ಮದು ಮಿರ್ಚಿ ಮಂಡಕ್ಕಿ ಅಂಗಡಿ. ನಾನು ಗೋಡೆಯ ಕಡೆ ಮುಖ ಮಾಡಿ ಬಾಣಲಿ ಮುಂದೆ ನಿಲ್ಲುವವನು. ಅವಳು ಮುಂದುಗಡೆ ಮಂಡಕ್ಕಿ ಕಲಸುತ್ತ ಬೆಂಚಿನವರ ಜೊತೆ ಮಾತಾಡುವವಳು, ಅವರಿಗೆಲ್ಲ ಬಸಕ್ಕ. ರಾಜಕೀಯ, ಮಳೆ, ಯಾರ ಮನೆಯ ಸೊಸೆ, ಯಾವುದನ್ನೂ ಬಿಡುತ್ತಿರಲಿಲ್ಲ. ಜಗಳ ಜೋರಾದರೆ ಅಳತೆಯ ಪಾವಿನಿಂದ ಡಬ್ಬಿಯನ್ನು ಠಣ್ ಎಂದು ಬಡಿಯುತ್ತಿದ್ದಳು. ಎಲ್ಲರೂ ಸುಮ್ಮನಾಗುತ್ತಿದ್ದರು. ಅಂಗಡಿಗೆ ಬಾಯಿ ಅವಳು, ಕೈ ನಾನು. ಈಗ ಕೈ ಮಾತ್ರ ಉಳಿದಿದೆ.

ಫೆಬ್ರುವರಿ 8, ಬುಧವಾರ

ನಮ್ಮ ಸರ್ಕಾರ ತುರ್ಕಿಗೆ ವಿಮಾನದ ಮೇಲೆ ವಿಮಾನ ಕಳಿಸುತ್ತಿದೆ. ಅದರ ಮೇಲೆ ಬೆಂಚಿನಲ್ಲಿ ಜಗಳ ಶುರುವಾಯಿತು. ಲಗೇಜ್ ಆಟೊ ಓಡಿಸುವ ಹೊನ್ನೂರಸ್ವಾಮಿ ಬೆಳಗಿನಿಂದ ಬಿಸಿಯಾಗಿದ್ದ.

"ಮೂವತ್ತು ಹಾಸಿಗಿ ಆಸ್ಪತ್ರಿನ ಗಂಟು ಕಟ್ಟಿಕೊಂಡು ವಿಮಾನದಾಗ ಹೊಂಟಾರಂತ. ಡಾಕ್ಟರು, ಎಕ್ಸ್‌ರೇ ಮಷೀನು, ನಾಯಿ ಸೈತ! ನಮ್ಮ ಊರ ರಸ್ತಿ ಗುಂಡಿಗೆ ಮೂರು ವರ್ಷದಾಗ ಒಂದು ಬುಟ್ಟಿ ಮಣ್ಣು ಬರಲಿಲ್ಲ."

ಮೇಷ್ಟ್ರು ಕನ್ನಡಕ ತೆಗೆದರು. "ಗುಂಡಿಯಾಗ ನಿನ್ನ ಗಾಡಿ ಬಿದ್ದೈತಿ. ಅಲ್ಲಿ ಊರಿಗೆ ಊರ ಬಿದ್ದೈತಿ. ಎರಡೂ ಒಂದನಾ ಲೇ?"

"ಬಿದ್ದವನಿಗೆ ತನ್ನದ ದೊಡ್ಡದು ಮೇಷ್ಟ್ರೆ."

"ಬಸಕ್ಕ ಇದ್ದಿದ್ರ ನಿನಗ ಸರಿಯಾಗಿ ಹೇಳ್ತಿದ್ಲು."

"ಬಸಕ್ಕ ಇದ್ದಿದ್ರ ನನ್ನ ಕಡಿ ಇರ್ತಿದ್ಲು! 'ಮನಿಗೆ ಮಾರಿ, ಊರಿಗೆ ಉಪಕಾರಿ' ಅಂತ ದಿನಾ ಯಾರಿಗೆ ಬೈತಿದ್ಲು ಮತ್ತ?"

"ಅದು ನಿನಗ ಬೈದದ್ದು!"

ಎಲ್ಲರೂ ನಕ್ಕರು. ಆಮೇಲೆ ಒಬ್ಬೊಬ್ಬರಾಗಿ ಪ್ಲೇಟಿನ ಕಡೆ ಬಗ್ಗಿದರು. ಅವಳ ಹೆಸರು ಎತ್ತಿದ್ದು ನೆನಪಾಗಿರಬೇಕು. ಹೊನ್ನೂರಸ್ವಾಮಿ ತಗ್ಗಿದ ದನಿಯಲ್ಲಿ ಕೇಳಿದ. "ಸೋಮಣ್ಣ, ನೀವ ಹೇಳ್ರಿ. ಬಸಕ್ಕ ಯಾವ ಕಡಿ ಇರ್ತಿದ್ಲು?"

"ಮಿರ್ಚಿ ಆರತಾವ, ತಿನ್ರಿ" ಎಂದೆ. ಇವತ್ತು ನಾನು ಆಡಿದ ಮಾತು ಅದೊಂದೇ.

ಅವಳು ಯಾವ ಕಡೆ ಇರುತ್ತಿದ್ದಳೋ ನಿಜಕ್ಕೂ ಗೊತ್ತಿಲ್ಲ. ಇಪ್ಪತ್ತಾರು ವರ್ಷ ಅವಳ ಮಾತನ್ನು ಬೆನ್ನಿನಿಂದ ಕೇಳಿದವನು ನಾನು. ಎಣ್ಣೆಯ ಸದ್ದಿನಲ್ಲಿ ಅರ್ಧ ಕೇಳುತ್ತಿತ್ತು, ಅರ್ಧ ಹೋಗುತ್ತಿತ್ತು. ನಾಳೆ ಕೇಳಿದರಾಯಿತು ಎಂದುಕೊಳ್ಳುತ್ತಿದ್ದೆ.

ಫೆಬ್ರುವರಿ 10, ಶುಕ್ರವಾರ

ನಮ್ಮವರು ಅಲ್ಲಿ ಆರು ವರ್ಷದ ಹುಡುಗಿಯನ್ನು ಕಲ್ಲುಮಣ್ಣಿನ ಅಡಿಯಿಂದ ಜೀವಂತ ತೆಗೆದಿದ್ದಾರೆ. ಹುಡುಗಿ ಎಲ್ಲಿದ್ದಾಳೆಂದು ನಾಯಿ ತೋರಿಸಿತಂತೆ. ಮೇಷ್ಟ್ರು ಓದುತ್ತ ಓದುತ್ತ ನಿಲ್ಲಿಸಿ ಕನ್ನಡಕ ಒರೆಸಿಕೊಂಡರು. ಹೊನ್ನೂರಸ್ವಾಮಿ ಪೇಪರನ್ನು ತಾನೇ ಇಸಿದುಕೊಂಡು ಫೋಟೊ ನೋಡಿದ.

"ಕೂಸು ಬದುಕಿದ್ದು ಚಲೋ ಆತು. ಅದಕ್ಕ ನಾ ಏನೂ ಅನ್ನಲ್ಲ" ಎಂದ. ಒಂದು ಮಿರ್ಚಿ ತಿಂದು ಮುಗಿಸಿದ. ಆಮೇಲೆ, "ಆದ್ರ ಆ ದೇಶ ನಮಗ ಆಗದ್ದು. ನಮ್ಮ ವಿರುದ್ಧ ಎಷ್ಟು ಸಲ ಮಾತಾಡ್ಯಾರ ಅಂತ ನೀವ ಓದಿ ಹೇಳೀರಿ, ಹೌದಿಲ್ಲೋ?"

"ಹೌದು."

"ಮತ್ತ? ಆಗದವರ ಮನಿಗೆ ಯಾರಾದ್ರೂ ಬುತ್ತಿ ಒಯ್ತಾರೇನು?"

ನನ್ನ ಕೈ ತಪ್ಪಿತು. ಎಣ್ಣೆ ಮಣಿಕಟ್ಟಿನ ಮೇಲೆ ಸಿಡಿಯಿತು. ಹಿಂದೆ ಮೆಣಸಿನಕಾಯಿ ಸೀಳುತ್ತಿದ್ದ ಕೆಲಸದ ತಿಪ್ಪೇರುದ್ರಮ್ಮ ಓಡಿಬಂದು ಅದಕ್ಕೆ ಹಿಟ್ಟು ಒತ್ತಿದಳು. "ಎಲ್ಲಿ ನೋಡಿಕೋತ ನಿಂತಿದ್ರಿ ಸೋಮಣ್ಣಾರ? ತುರ್ಕಿ ಇಲ್ಲಿಗೆ ಕಾಣ್ತೈತೇನು?"

ಸಣ್ಣ ಗುಳ್ಳೆ ಎದ್ದಿದೆ. ಇವತ್ತಿಗೆ ಸಾಕು.

ಫೆಬ್ರುವರಿ 13, ಸೋಮವಾರ

ಮೇಷ್ಟ್ರು ಮೂರು ದಿನ ಯೋಚಿಸಿ ಹೊನ್ನೂರಸ್ವಾಮಿಗೆ ಇವತ್ತು ಉತ್ತರ ಕೊಟ್ಟರು.

"ಬುತ್ತಿ ಒಯ್ಯೋದು ಸರಳ ಐತಿ ಲೇ. ಆಗದವರು ತಂದದ್ದನ್ನ ಬಾಗಲದಾಗ ನಿಂತು ಇಸಕೊಳ್ಳಾಕ ದೊಡ್ಡ ಎದಿ ಬೇಕು. ಮನಿ ಬಿದ್ದೈತಿ, ಮಕ್ಕಳು ಸತ್ತಾವ, ಅಂಥದರಾಗ ಅವರು 'ಬರ್ರಿ' ಅಂದ್ರಲ್ಲ. ನೀನಾಗಿದ್ರ ಅಂತಿದ್ದೀ ಏನು?"

ಹೊನ್ನೂರಸ್ವಾಮಿ ಏನೋ ತಮಾಷೆ ಮಾಡಿದ, ನನಗೆ ಕೇಳಿಸಲಿಲ್ಲ.

ಬರೆದೇ ಬಿಡುತ್ತೇನೆ. ಓದುವವರು ಯಾರಿದ್ದಾರೆ.

ನಮ್ಮಲ್ಲಿ ಹೆಂಗಸು ಸತ್ತರೆ ಮೂರನೆಯ ದಿನ ಅವಳ ತವರಿನವರು ಬುತ್ತಿ ತರಬೇಕು. ಅದನ್ನು ಉಂಡ ಮೇಲೆ ಆ ಮನೆಯಲ್ಲಿ ಒಲೆ ಹೊತ್ತಿಸುವುದು. ಗುರುಬಸಮ್ಮನ ತವರಿನಲ್ಲಿ ಇರುವವನು ತಮ್ಮ ಬೆನಕಪ್ಪ ಒಬ್ಬನೇ. ಹಡಗಲಿ ಕಡೆಯ ಹಳ್ಳಿಯಲ್ಲಿ ಒಕ್ಕಲುತನ. ಗೀತಾಳನ್ನು ತನ್ನ ಮಗನಿಗೆ ತಂದುಕೊಳ್ಳಬೇಕೆಂದು ಅವನಿಗೆ ಆಸೆಯಿತ್ತು. ಸೋದರಮಾವ, ಕೇಳುವ ಹಕ್ಕು ಇತ್ತು. ಗೀತಾ ಒಲ್ಲೆ ಎಂದಳು, ಅವಳವ್ವ ಮಗಳ ಕಡೆ ನಿಂತಳು. ಅವತ್ತಿನಿಂದ ಆರು ವರ್ಷ ಅವನು ನಮ್ಮ ಹೊಸ್ತಿಲು ತುಳಿಯಲಿಲ್ಲ. ಅಕ್ಕ ಎರಡು ತಿಂಗಳು ದಾವಣಗೆರೆಯ ಆಸ್ಪತ್ರೆಯಲ್ಲಿ ಮಲಗಿದಾಗಲೂ ಬರಲಿಲ್ಲ. ನಾನು ದಿನಾ ಬಾಗಿಲು ನೋಡುತ್ತಿದ್ದೆ. ಅವಳೂ ನೋಡುತ್ತಿದ್ದಳು.

ಮೂರನೆಯ ದಿನ ಬಂದ, ಹೆಂಡತಿಯ ತಲೆಯ ಮೇಲೆ ಬುತ್ತಿ ಹೊರಿಸಿಕೊಂಡು. ನಾನು ಬಾಗಿಲಿಗೆ ಅಡ್ಡ ನಿಂತೆ. ಓಣಿಯವರೆಲ್ಲ ನೋಡುತ್ತಿದ್ದರು. "ಒಳಗ ತರಬ್ಯಾಡ" ಎಂದೆ. ಅವನು ಸಿಟ್ಟಾಗಲಿಲ್ಲ. "ಮಾವ, ಅಕ್ಕ ನನ್ನ ಕೇಳಿದ್ಲಾ?" ಎಂದ.

"ನಿನ್ನ ಹೆಸರ ಎತ್ತಲಿಲ್ಲ" ಎಂದೆ.

ಅದು ಸುಳ್ಳು. ಕೊನೆಯ ದಿನ ಅವಳು ಮೂರು ಸಲ ಕೇಳಿದಳು. "ಬೆನಕ ಬಂದನಾ? ಬಂದ್ರ ಬೈಬ್ಯಾಡ್ರಿ. ಮೊದಲ ಉಣ್ಣಾಕ ಹಾಕ್ರಿ." ಮೂರು ಸಲವೂ ಇದೇ ಮಾತು.

ಅವನು ಬುತ್ತಿ ಹೊರಿಸಿಕೊಂಡು ಹಾಗೆಯೇ ತಿರುಗಿ ಹೋದ. ಮನೆಯ ಒಲೆಯನ್ನು ನಾನು ಇನ್ನೂ ಹೊತ್ತಿಸಿಲ್ಲ. ಅಂಗಡಿಯಲ್ಲೇ ಏನಾದರೂ ತಿಂದು ಹೋಗುತ್ತೇನೆ. ಗೀತಾ ಆ ಹೊತ್ತಿಗೆ ಹೆಂಗಸರ ಜೊತೆ ಸಮಾಧಿಗೆ ಹೋಗಿದ್ದಳು, ಓಣಿಯವರೂ ಹೇಳಿಲ್ಲ, ಅವಳಿಗೆ ಇದು ಯಾವುದೂ ಗೊತ್ತಿಲ್ಲ.

ಫೆಬ್ರುವರಿ 14, ಮಂಗಳವಾರ

ಮೇಷ್ಟ್ರಿಗೆ ಹೊಸ ಹುಚ್ಚು ಹಿಡಿದಿದೆ. ಸರ್ಕಾರ ಕೊಟ್ಟದ್ದು ಸರ್ಕಾರದ್ದಾಯಿತು, ನಮ್ಮ ಊರಿನಿಂದಲೂ ಏನಾದರೂ ಹೋಗಬೇಕು ಎಂದರು. ಏನು ಕಳಿಸುವುದು? ಎಲ್ಲರೂ ಒಂದೇ ಸಲ ನನ್ನ ಅಂಗಡಿ ನೋಡಿದರು.

"ಮಂಡಕ್ಕಿ! ಕೆಡಲ್ಲ, ಭಾರ ಇಲ್ಲ, ಒಲಿ ಬೇಕಿಲ್ಲ, ನೀರು ಬೇಕಿಲ್ಲ. ವಿಮಾನದವರಿಗೂ ಹಗುರ."

"ತುರ್ಕಿಯವರು ಮಂಡಕ್ಕಿ ತಿಂತಾರೇನ್ರಿ?" ತಿಪ್ಪೇರುದ್ರಮ್ಮ ಕೇಳಿದಳು.

"ಹಸಿದವರು ಏನಾದ್ರೂ ತಿಂತಾರವ್ವಾ."

"ಹಂಗಾರ ಶೇಂಗಾ ಚಟ್ನಿ ಪುಡಿನೂ ಕಟ್ಟಿ ಕೊಡ್ತೀನಿ. ಬರೇ ಮಂಡಕ್ಕಿ ಕೊಟ್ರ ನಮ್ಮ ಊರ ಮರ್ಯಾದಿ ಏನಾಕ್ಕೈತಿ? ಖಾರ ತಡೀದಿದ್ರ ನೀರು ಕುಡೀಲಿ."

ಒಂದು ಚೀಲ ನಾನು ಕೊಟ್ಟೆ, ಎರಡು ಚೀಲ ಸಾಲಿನ ಅಂಗಡಿಯವರು ಸೇರಿ ಕೊಟ್ಟರು. ನಿನ್ನೆಯಷ್ಟೇ ಕೊಟ್ಟೂರಿನ ಭಟ್ಟಿಯಿಂದ ಬಂದ ಮಾಲು, ಮುಟ್ಟಿದರೆ ಗರಗರ ಅನ್ನುತ್ತದೆ. ಮೇಷ್ಟ್ರು ನೀಲಿ ಬಣ್ಣದಲ್ಲಿ ಮೂರೂ ಚೀಲದ ಮೇಲೆ ದುಂಡಗೆ ಬರೆದರು: *ತುರ್ಕಿ ಸಂತ್ರಸ್ತರಿಗೆ, ಹಗರಿಬೊಮ್ಮನಹಳ್ಳಿ ಜನತೆಯಿಂದ.*

ಸಾಗಿಸುವವರು ಯಾರು ಎಂಬ ಮಾತು ಬಂತು. ಹೊನ್ನೂರಸ್ವಾಮಿ ಬೀಗದ ಕೈ ತಿರುಗಿಸುತ್ತ ಎದ್ದ. "ನಾ ಈಗಲೂ ವಿರೋಧನ. ಆದ್ರ ಗಾಡಿ ನಂದ ಐತಿ. ಹೇರ್ರಿ."

ಫೆಬ್ರುವರಿ 16, ಗುರುವಾರ

ಚೀಲಗಳು ವಾಪಸ್ ಬಂದವು.

ಅಂಚೆ ಕಚೇರಿಯ ಹುಡುಗಿ ಚೀಲದ ಮೇಲಿನ ಬರಹ ಎರಡು ಸಲ ಓದಿ, ಬೇರೆ ದೇಶಕ್ಕೆ ತಿನ್ನುವ ಪದಾರ್ಥ ಹೀಗೆ ಕಳಿಸಲು ಬರುವುದಿಲ್ಲ ಎಂದು ನಯವಾಗಿ ಹೇಳಿದಳಂತೆ. ತಾಲ್ಲೂಕು ಕಚೇರಿಯಲ್ಲಿ ಒಬ್ಬರು ಇವರನ್ನು ಕೂರಿಸಿ ಚಹಾ ಕೊಟ್ಟು, "ಹೊದಿಕಿ, ಔಷಧಿ ಆಗಿದ್ರ ಎಲ್ಲೆರ ಕೇಳಿ ನೋಡಬಹುದಿತ್ತು ಮೇಷ್ಟ್ರೆ. ಮಂಡಕ್ಕಿ ಯಾರು ಒಯ್ತಾರ್ರಿ?" ಎಂದರಂತೆ. ಬರುವಾಗ ಅವರೇ ಒಂದು ಮುಷ್ಟಿ ತೆಗೆದುಕೊಂಡರಂತೆ.

"ತಾಲ್ಲೂಕು ಸುತ್ತಿ ಬಂತು ನಮ್ಮ ಮಂಡಕ್ಕಿ. ಪಾಸ್‌ಪೋರ್ಟ್ ಇಲ್ಲ ಅಂತ ಹೊರಳಿಸಿದ್ರು" ಎಂದು ಹೊನ್ನೂರಸ್ವಾಮಿ ಅಂಚೆ ಕಚೇರಿಯ ಹುಡುಗಿಯ ಹಾಗೆ, ಮೇಷ್ಟ್ರ ಹಾಗೆ, ಕೊನೆಗೆ ಚೀಲದ ಹಾಗೆ ನಿಂತು ತೋರಿಸಿದ. ಬೆಂಚೆಲ್ಲ ಬಿದ್ದುಬಿದ್ದು ನಕ್ಕಿತು. ಮೇಷ್ಟ್ರೂ ನಕ್ಕರು. ತಿಪ್ಪೇರುದ್ರಮ್ಮ ಯಾಕೋ ಮೆಣಸಿನಕಾಯಿ ಬಿಟ್ಟು ನನ್ನ ಮುಖವನ್ನೇ ನೋಡುತ್ತಿದ್ದಳು. "ಏನು?" ಎಂದೆ. "ಏನಿಲ್ಲ, ನಗ್ರಿ" ಎಂದಳು.

ಚೀಲಗಳನ್ನು ಅಟ್ಟದ ಮೇಲೆ ಇಟ್ಟಿದ್ದೇನೆ. ಬರೆದ ಹೆಸರು ಬೇರೆಯವರದ್ದು, ಮಾರಲು ಮನಸ್ಸಿಲ್ಲ.

ಫೆಬ್ರುವರಿ 18, ಶನಿವಾರ

ಶಿವರಾತ್ರಿ. ಅಂಗಡಿ ಮುಚ್ಚಿದ್ದೆ. ಗೀತಾ ಬಂದಿದ್ದಳು. ಒಲೆಯ ಮೇಲಿನ ದೂಳು ನೋಡಿದಳು, ಒರೆಸಿದಳು, ಏನೂ ಕೇಳಲಿಲ್ಲ. ಹೋಗುವಾಗ ಬಸ್ಸಿನ ಹತ್ತಿರ ಮಾತ್ರ, "ಬೆನಕಪ್ಪ ಮಾವ ಬರಲೇ ಇಲ್ಲಲ್ಲ ಅಪ್ಪಾಜಿ. ಎಲ್ಲಾ ನನ್ನಿಂದ ಆತು. ಅವ್ವನ ಮಣ್ಣಿಗೂ ಬರದಂಗ ಮಾಡಿದೆ ನಾನು" ಎಂದಳು.

ನಿನ್ನಿಂದ ಅಲ್ಲ ಎಂದೆ. ಇನ್ನೂ ಹೇಳುವಷ್ಟರಲ್ಲಿ ಬಸ್ಸು ಹೊರಟಿತು. ಬಸ್ಸು ನಿಂತಿದ್ದರೆ ಹೇಳುತ್ತಿದ್ದೆನೋ ಇಲ್ಲವೋ.

ಫೆಬ್ರುವರಿ 21, ಮಂಗಳವಾರ

ತುರ್ಕಿಗೆ ಹೋಗಿದ್ದ ಸೈನ್ಯದ ಆಸ್ಪತ್ರೆಯವರು ಹಿಂತಿರುಗಿದ್ದಾರೆ. ಅಲ್ಲಿಯ ಜನ ಅವರನ್ನು ಚಪ್ಪಾಳೆ ತಟ್ಟಿ ಕಳಿಸಿದರಂತೆ.

"ಮುಗೀತಲ್ಲ. ಇಷ್ಟೆಲ್ಲಾ ಮಾಡಿ ನಮಗೇನು ಸಿಕ್ತು?" ಎಂದ ಹೊನ್ನೂರಸ್ವಾಮಿ. "ಬರೋ ವರ್ಷ ಮತ್ತ ನಮ್ಮ ವಿರುದ್ಧ ಮಾತಾಡ್ತಾರ, ಬರದಿಟ್ಟುಕೊಳ್ರಿ."

"ಮಾತಾಡ್ಲಿ" ಎಂದೆ ನಾನು.

ಮೇಷ್ಟ್ರು ಪೇಪರ್ ಕೆಳಗಿಳಿಸಿದರು. ನಾನೇ ಆಡಿದೆನೆಂದು ನನಗೂ ಆಮೇಲೆ ತಿಳಿಯಿತು. ಇನ್ನೂ ಒಂದು ಮಾತು ಬಾಯಿಗೆ ಬಂತು, ಅದನ್ನೂ ಆಡಿದೆ. "ಅವರು ಮುಂದ ಏನು ಮಾತಾಡ್ತಾರ ಅಂತ ಕೇಳಿಕೊಂಡು ಕೂಸು ತೆಗೀಬೇಕಿತ್ತೇನು?"

"ಹೋಗ್ಲಿ ಬಿಡ್ರಿ, ಮೇಷ್ಟ್ರ ಕಡಿ ಒಂದು ಓಟು ಹೆಚ್ಚಾತು" ಎಂದು ಹೊನ್ನೂರಸ್ವಾಮಿ ಬೆಂಚಿನ ಆ ತುದಿಗೆ ಸರಿದು ಕೂತ.

ಬೇರೆ ವಿಶೇಷವಿಲ್ಲ. ಮೆಣಸಿನಕಾಯಿ ಈ ಸಲ ಬಹಳ ಖಾರ.

ಫೆಬ್ರುವರಿ 23, ಗುರುವಾರ

ಹೊನ್ನೂರಸ್ವಾಮಿ ಹಡಗಲಿ ಕಡೆಯಿಂದ ಬರುತ್ತಲೇ ಸುದ್ದಿ ತಂದ. ಗಾಡಿಯಿಂದ ಇಳಿಯದೆಯೇ ಹೇಳಿದ. ಗುರುಬಸಮ್ಮನ ತವರೂರಿನಲ್ಲಿ ನಿನ್ನೆ ಮಧ್ಯಾಹ್ನ ಮೇವಿನ ಬಣವೆಗಳಿಗೆ ಬೆಂಕಿ ಬಿದ್ದಿದೆ. ಗಾಳಿ ಬೇರೆ ಇತ್ತು. ನಾಲ್ಕು ಬಣವೆ ಹೋದವು, ದೊಡ್ಡದು ಬೆನಕಪ್ಪನದು. ದನದ ಕೊಟ್ಟಿಗೆಯೂ ಸುಟ್ಟಿತು. ಎತ್ತುಗಳ ಹಗ್ಗ ಬಿಚ್ಚಲು ಹೋಗಿ ಅವನ ಕೈಗೆ ಬೆಂಕಿ ತಗುಲಿದೆ. ಎತ್ತು ಉಳಿದವು.

"ಬ್ಯಾಸಿಗಿ ಇಡೀ ಮುಂದೈತಿ. ದನಕ್ಕ ಏನು ಹಾಕ್ತಾನ ಪಾಪ" ಎಂದರು ಮೇಷ್ಟ್ರು.

ಬಣವೆ ಸುಟ್ಟವರಿಗೆ ಸುತ್ತಲಿನ ಹಳ್ಳಿಯವರು ಮನೆಗೊಂದು ಹೊರೆ ಮೇವು ಕೊಡುವುದು ನಮ್ಮ ಕಡೆಯ ಪದ್ಧತಿ. ಕೇಳುವುದೂ ಇಲ್ಲ, ಬರೆದಿಡುವುದೂ ಇಲ್ಲ. ಹೊನ್ನೂರಸ್ವಾಮಿ ತನ್ನ ಊರಿನ ಮೇವು ಹೇರಿಕೊಂಡು ನಾಳೆ ಬೆಳಗ್ಗೆ ಹೋಗುತ್ತಾನಂತೆ. ನನಗೆ ಹೊಲವಿಲ್ಲ, ಮೇವಿಲ್ಲ.

"ನಾನೂ ಬರ್ತೀನಿ" ಎಂದೆ.

ಮೂರನೆಯ ದಿನ ಬಾಗಿಲಲ್ಲಿ ನಡೆದದ್ದು ಈ ಬೆಂಚಿಗೆಲ್ಲ ಗೊತ್ತು. ಮೇಷ್ಟ್ರು ಮೆಲ್ಲಗೆ ಕೇಳಿದರು. "ಬರಿಗೈಲೆ ಹೋಗ್ತೀರೇನು ಸೋಮಣ್ಣ?"

ನಾನು ಅಟ್ಟ ನೋಡಿದೆ.

ಅವನೂ ಬಾಗಿಲಿಗೆ ಅಡ್ಡ ನಿಂತರೆ? ನಿಲ್ಲುವ ಹಕ್ಕು ಅವನಿಗಿದೆ. ಊರೆಲ್ಲ ಕೂಡಿರುತ್ತದೆ. ಹೆದರಿಕೆಯಾಗುತ್ತಿದೆ, ಸುಳ್ಳು ಯಾಕೆ ಬರೆಯಲಿ. ಚೀಲ ತಿರುಗಿಸಿದರೆ ತಿರುಗಿಸಲಿ. ಅವಳ ಮಾತು ಮಾತ್ರ ಅವನ ಕಿವಿಗೆ ಹಾಕಿ ಬರಬೇಕು. ಅದು ಅವನದು. ಒಂದೂವರೆ ತಿಂಗಳಿಂದ ನನ್ನ ಹತ್ತಿರ ಇದೆ.

ಫೆಬ್ರುವರಿ 24, ಶುಕ್ರವಾರ

ಅಂಗಡಿ ತೆರೆಯಲಿಲ್ಲ. ಈಗ ನಾಲ್ಕು ಗಂಟೆ, ಈಗಷ್ಟೇ ಬಂದು ಕೂತೆ. ಮೈಯೆಲ್ಲ ಹೊಗೆಯ ವಾಸನೆ.

ಬೆಳಗ್ಗೆ ಆರಕ್ಕೆ ಹೊರಟೆವು. ಮೇವಿನ ಮೇಲೆ ಮೂರು ಚೀಲ ಕಟ್ಟಿದ್ದ ಹೊನ್ನೂರಸ್ವಾಮಿ, ದಾರಿಯುದ್ದಕ್ಕೂ ಗುಂಡಿ ತೋರಿಸಿಕೊಂಡೇ ಬಂದ. "ನೋಡ್ರಿ, ಇದು ತುರ್ಕಿಗೆ ಹೋದ ಮಣ್ಣು. ಇದು ಇನ್ನೊಂದು." ನನ್ನನ್ನು ನಗಿಸಲು ಹೇಳುತ್ತಿದ್ದಾನೆ ಎಂದು ಗೊತ್ತಾಗುತ್ತಿತ್ತು.

ಬೆನಕಪ್ಪನ ಹಿತ್ತಲಲ್ಲಿ ಬಣವೆ ಇದ್ದ ಕಡೆ ಕರಿಯ ಗುಡ್ಡೆ, ನೀರು ಹಾಕಿದ ಕಡೆಯೆಲ್ಲ ಇನ್ನೂ ಹೊಗೆ. ಎತ್ತುಗಳನ್ನು ಬೇವಿನ ಮರಕ್ಕೆ ಕಟ್ಟಿದ್ದರು. ಐದಾರು ಊರಿನ ಮೇವಿನ ಗಾಡಿಗಳು ಬಂದಿದ್ದವು, ಜನ ತುಂಬಿತ್ತು. ಅವನು ಎಡಗೈಗೆ ಬಟ್ಟೆ ಸುತ್ತಿಕೊಂಡು ನಿಂತಿದ್ದ. ಆರು ವರ್ಷದಲ್ಲಿ ಕೂದಲು ಬಹಳ ಬೆಳ್ಳಗಾಗಿದೆ. ಅವತ್ತು ಬಾಗಿಲಲ್ಲಿ ನಾನು ಅವನ ತಲೆ ನೋಡಿರಲೇ ಇಲ್ಲ.

ನನ್ನನ್ನು ನೋಡಿದ. ಹೊನ್ನೂರಸ್ವಾಮಿ ಮೇವು ಇಳಿಸಿ, ಆಮೇಲೆ ಚೀಲಗಳನ್ನು ಇಳಿಸಿದ. ಬರಹ ಎಲ್ಲರಿಗೂ ಕಾಣುವ ಹಾಗೆ ಮೇಲಾಯಿತು. ಒಬ್ಬ ಮುದುಕ ಬೆರಳಿಟ್ಟು ಕೂಡಿಸಿ ಕೂಡಿಸಿ ಓದಿದ. "ತುರ್ಕಿ... ಸಂ... ಸಂತ್ರಸ್ತರಿಗೆ. ಏನೋ ಬೆನಕಪ್ಪ, ನಿನ್ನ ಹಿತ್ತಲ ಯಾವಾಗ ತುರ್ಕಿಗೆ ಸೇರಿತು?"

ಜನ ನಕ್ಕರು. ಬೆನಕಪ್ಪ ನಗಲಿಲ್ಲ. "ಯಾರಿಗಿದು?" ಎಂದ ನನ್ನ ಕಡೆ ನೋಡದೆ.

"ತುರ್ಕಿಗೆ ಹೊಂಟಿತ್ತು" ಎಂದೆ. "ಅಲ್ಲಿಗೆ ಮುಟ್ಟಲಿಲ್ಲ. ನೀ ತಗೊಳ್ತೀ ಏನು ಅಂತ ಕೇಳಾಕ ಬಂದೀನಿ."

"ನನ್ನ ಬುತ್ತಿ ತಿರುಗಿಸಿದಿ ಮಾವ."

ಮುದುಕ ಚೀಲದ ಮೇಲಿನ ಬೆರಳು ತೆಗೆದ.

"ಹೌದು" ಎಂದೆ.

"ಅಕ್ಕಗ ಅಂತ ಎಣ್ಣಿಗಾಯಿ ಮಾಡಿಸಿದ್ದೆ. ಅದನ್ನ ಒಯ್ದು ಕೆರಿಗೆ ಚೆಲ್ಲಿ ಬಂದೆ. ದನಕ್ಕ ಹಾಕಾಕೂ ಮನಸ್ಸಾಗಲಿಲ್ಲ."

ನನಗೆ ಉದ್ದ ಮಾತು ಬರುವುದಿಲ್ಲ. ದಾರಿಯಲ್ಲಿ ಜೋಡಿಸಿಕೊಂಡದ್ದೆಲ್ಲ ಮರೆತುಹೋಯಿತು. "ಅವತ್ತು ನಾ ಸುಳ್ಳು ಹೇಳಿದೆ" ಎಂದೆ. "ನಿನ್ನ ಹೆಸರ ಎತ್ತಲಿಲ್ಲ ಅಂದೆನಲ್ಲ, ಅದು ಸುಳ್ಳು. ಮೂರು ಸಲ ಕೇಳಿದ್ಲು. ಸಿಟ್ಟು ನಂದು, ಆಕಿದಲ್ಲ."

ಅವನು ಬೂದಿ ಗುಡ್ಡೆಯ ಕಡೆ ನಡೆದ. ಕೋಲು ತೆಗೆದುಕೊಂಡು ಕೆದರತೊಡಗಿದ. ಅಲ್ಲಿ ಕೆದರುವಂಥದ್ದು ಏನೂ ಇರಲಿಲ್ಲ. ನಾನು ಚೀಲಗಳ ಪಕ್ಕ ನಿಂತೇ ಇದ್ದೆ. ಎಷ್ಟು ಹೊತ್ತೋ. ಕೊನೆಗೆ ಅವನ ಹೆಂಡತಿ ಮನೆಯೊಳಗಿಂದ ಕುಡುಗೋಲು ತಂದಳು. ಗಂಡನನ್ನು ಒಂದು ಮಾತೂ ಕೇಳದೆ ಮೊದಲನೆಯ ಚೀಲದ ದಾರ ಕೊಯ್ದಳು. ಕೊಪ್ಪರಿಗೆಯಲ್ಲಿ ಮಂಡಕ್ಕಿ ಸುರಿದು, ಎಣ್ಣೆ, ಉಳ್ಳಾಗಡ್ಡಿ, ಚೀಲದ ಜೊತೆ ಕಟ್ಟಿದ್ದ ತಿಪ್ಪೇರುದ್ರಮ್ಮನ ಚಟ್ನಿ ಪುಡಿ ಹಾಕಿ ನನ್ನ ಕಡೆ ನೋಡಿದಳು. ನಾನು ತೋಳು ಮಡಚಿ ಕಲಸಿದೆ. ಬೆಂಕಿ ಆರಿಸಿದವರು, ಮೇವು ತಂದವರು, ಎಲ್ಲರೂ ಬೇವಿನ ಮರದ ಕೆಳಗೆ ಕೂತು ತಿಂದರು. ಖಾರಕ್ಕೆ ಮುದುಕನ ಕಣ್ಣಲ್ಲಿ ನೀರು. "ತುರ್ಕಿಯವರು ಬದುಕಿಕೊಂಡ್ರು ಬಿಡ್ರಿ" ಎಂದ.

ಬೆನಕಪ್ಪ ತಿನ್ನಲಿಲ್ಲ.

ನಾವು ಹೊರಟಾಗ ಗಾಡಿಯ ಹತ್ತಿರ ಬಂದ. "ಮೂರು ಸಲ ಕೇಳಿದ್ಲಾ?"

"ಮೂರು ಸಲ."

"ಏನಂತ ಕೇಳಿದ್ಲು? ಆಕಿ ಅಂದಂಗ ಹೇಳು."

ಹೇಳಿದೆ. "ಬೆನಕ ಬಂದನಾ? ಬಂದ್ರ ಬೈಬ್ಯಾಡ್ರಿ. ಮೊದಲ ಉಣ್ಣಾಕ ಹಾಕ್ರಿ."

"ಇನ್ನೊಮ್ಮೆ ಹೇಳು."

ಇನ್ನೊಮ್ಮೆ ಹೇಳಿದೆ. ಅವನು ಬಟ್ಟೆ ಸುತ್ತಿದ ಕೈಯನ್ನು ಗಾಡಿಯ ಪಟ್ಟಿಯ ಮೇಲಿಟ್ಟು ನೆಲ ನೋಡುತ್ತ ನಿಂತ. "ಬಿಸಲು ಏರತೈತಿ, ಹೋಗ್ರಿ" ಎಂದ. ಅಷ್ಟೇ.

ಬರುವಾಗ ಹೊನ್ನೂರಸ್ವಾಮಿ ಒಂದು ಗುಂಡಿಯನ್ನೂ ತೋರಿಸಲಿಲ್ಲ.

ಫೆಬ್ರುವರಿ 27, ಸೋಮವಾರ

ಗೀತಾಗೆ ಫೋನ್ ಮಾಡಿ ಎಲ್ಲ ಹೇಳಿದೆ, ಬಾಗಿಲಲ್ಲಿ ನಿಂತದ್ದು, ಸುಳ್ಳು, ಬೆಂಕಿ, ಮಂಡಕ್ಕಿ. ಅತ್ತಳು, ಬೈದಳು. ಮುದುಕ ಚೀಲ ಓದಿದ್ದನ್ನು ಹೇಳುವಾಗ ನಕ್ಕಳು. ಕೊನೆಗೆ "ಅಪ್ಪಾಜಿ, ಮುಕ್ಕಾಲು ತಾಸು ಆತು ನೋಡ್ರಿ" ಎಂದಳು. ಗಡಿಯಾರ ಕೆಟ್ಟಿರಬೇಕು ಅವಳದು, ಅಷ್ಟು ಹೊತ್ತು ನಾನು ಎಲ್ಲಿ ಮಾತಾಡುತ್ತೇನೆ.

ಮನೆಯಲ್ಲೇ ಅನ್ನಕ್ಕಿಟ್ಟಿದ್ದೆ. ಮಾತಾಡುತ್ತ ತಳ ಹಿಡಿಯಿತು. ಮೇಲಿನದು ಚೆನ್ನಾಗಿತ್ತು.

ಮಾರ್ಚ್ 3, ಶುಕ್ರವಾರ

ಬೆಳಗ್ಗೆ ಒಂಬತ್ತರ ಹೊತ್ತಿಗೆ ಬೆನಕಪ್ಪ ರಸ್ತೆಯ ಆಚೆ ನಿಂತಿದ್ದ. ಎತ್ತಿನ ಹಗ್ಗಗಳೆಲ್ಲ ಸುಟ್ಟಿದ್ದವಲ್ಲ, ಹೊಸವು ಕೊಳ್ಳಲು ಬಂದಿದ್ದನಂತೆ. ಹಗ್ಗದ ಅಂಗಡಿ ಹಡಗಲಿಯಲ್ಲೂ ಇವೆ. ನಾನು ಕೇಳಲಿಲ್ಲ.

"ಬರ್ರಿ ಬರ್ರಿ, ತುರ್ಕಿಯವರು ಬಂದ್ರು!" ಎಂದು ಹೊನ್ನೂರಸ್ವಾಮಿ ಕೂಗಿದ. ಮೇಷ್ಟ್ರು ಸರಿದು ಜಾಗ ಕೊಟ್ಟರು. ಅವನು ಬೆಂಚಿನ ತುದಿಯಲ್ಲಿ ಅರ್ಧ ಕೂತ. ನಾನು ಬಾಣಲಿಗೆ ಮಿರ್ಚಿ ಬಿಟ್ಟೆ.

ಸುಮ್ಮನಿರುವುದು ಹೊನ್ನೂರಸ್ವಾಮಿಗೆ ಗೊತ್ತಿಲ್ಲ. "ನೀವ ಹೇಳ್ರಿ ಬೆನಕಪ್ಪಾರ, ಸರ್ಕಾರ ಹಂಗ ಹೊರಗಿನವರಿಗೆ ಕೊಡಬಹುದೇನು?"

"ಕೊಡಬಾರದು" ಎಂದ ಬೆನಕಪ್ಪ, ಒಂದು ಕ್ಷಣವೂ ಯೋಚಿಸದೆ.

ಹೊನ್ನೂರಸ್ವಾಮಿ ಮೇಷ್ಟ್ರ ತೊಡೆಗೆ ಹೊಡೆದ. ನಾನು ಜಾಲರಿ ಹಿಡಿದುಕೊಂಡೇ ಪೂರ್ತಿ ಈ ಕಡೆ ತಿರುಗಿದೆ. "ಐದಾರು ಊರಿನ ಮೇವು ಇಸಕೊಂಡಾಂವ ನೀ ಹಿಂಗ ಅಂತೀ ಏನೋ?"

"ಅದು ಜನ ಕೊಟ್ಟದ್ದು ಮಾವ, ಸರ್ಕಾರ ಅಲ್ಲ. ಕೊಡಾವ ತನ್ನ ಕೈಲೆ ಕೊಡಬೇಕು. ನನ್ನ ಕೈ ಹಿಡಿದು ಇನ್ನೊಬ್ಬ ಕೊಡಿಸಿದ್ರ ಅದು ಎಂಥ ಕೊಡೋದು?"

"ನಿನ್ನ ಕೈ ಅಲ್ಲೀತನ ಮುಟ್ಟತೈತೇನು? ಮೂರು ಚೀಲ ಮಂಡಕ್ಕಿ ತಗೊಂಡು ಪೋಸ್ಟಾಫೀಸಿಗೆ ಹೋಗಿ ನೋಡು, ಗೊತ್ತಾಕ್ಕೈತಿ. ನಮ್ಮ ಕೈ ಮುಟ್ಟದ ಕಡಿ ಮುಟ್ಟಸಾಕನ ಸರ್ಕಾರ ಇರೋದು!"

"ಮೊದಲ ನಮ್ಮ ಹಿತ್ತಲಕ್ಕ ಮುಟ್ಟಿಸಲಿ. ಪಂಚನಾಮಿ ಬರಕೊಂಡು ಹೋಗ್ಯಾರ, ಮುಂದ ಸುದ್ದಿ ಇಲ್ಲ."

"ಅದನ್ನ ಕೇಳು, ಹೋಗಿ ಜಗಳ ಮಾಡು, ನಾನೂ ಬರ್ತೀನಿ. ಅದು ಬರಲಿಲ್ಲ ಅಂತ ಇದನ್ನ ಯಾಕ ಬ್ಯಾಡ ಅಂತೀ? ಹಿರೇ ಮಗಗ ಅಂಗಿ ಇಲ್ಲ ಅಂತ ಕಿರೇ ಮಗನ ಅಂಗಿ ಹರೀತಾರೇನು?"

"ಅಕ್ಕ ಇದ್ದಿದ್ರ ನನ್ನ ಕಡಿ ಇರ್ತಿದ್ಲು."

"ನಿಮ್ಮಕ್ಕ ಇದ್ದಿದ್ರ ನಿನ್ನ ಬಾಯಿಗೆ ಮಿರ್ಚಿ ತುರುಕ್ತಿದ್ಲು!"

ಅವನು ನಕ್ಕ. ಅವಳ ಹಾಗೆಯೇ ಮೊದಲು ಮೂಗಿನಲ್ಲಿ, ಆಮೇಲೆ ಬಾಯಲ್ಲಿ. ಅವಳು ಯಾವ ಕಡೆ ಇರುತ್ತಿದ್ದಳೆಂದು ಈಗಲೂ ಗೊತ್ತಿಲ್ಲ. ನಾನಂತೂ ಮೇಷ್ಟ್ರ ಕಡೆ. ಇನ್ನೂ ನಾಲ್ಕು ಮಾತು ಹೇಳುವುದಿತ್ತು, ಅಷ್ಟರಲ್ಲಿ ತಿಪ್ಪೇರುದ್ರಮ್ಮ ಹಿಂದಿನಿಂದ ಚೀರಿದಳು. "ಅಯ್ಯಯ್ಯೋ, ಬಾಣಲಿ ನೋಡ್ರಿ ಸೋಮಣ್ಣಾರ! ಒಬ್ಬರ ಬಾಯಿ ಮುಚ್ಚಿತು ಅಂದ್ರ ಇನ್ನೊಬ್ಬರದು ತೆರೀತಲ್ಲಪ್ಪೋ ಈ ಅಂಗಡ್ಯಾಗ!"

ಇಡೀ ಬಾಣಲಿ ಕಪ್ಪಗಾಗಿತ್ತು. ಇಪ್ಪತ್ತಾರು ವರ್ಷದಲ್ಲಿ ಹೀಗೆ ಆಗಿರಲಿಲ್ಲ, ಹೇಗಾಯಿತೋ. ಗಿರಾಕಿಗೆ ಕೊಡುವ ಹಾಗಿರಲಿಲ್ಲ. ಹಳೆಯ ಪೇಪರಿನ ಮೇಲೆ ತೆಗೆದು ಪಕ್ಕಕ್ಕಿಟ್ಟು, ಹೊಸ ಹಿಟ್ಟು ಕಲಸಲು ಬಗ್ಗಿದೆ. ತಲೆ ಎತ್ತುವಷ್ಟರಲ್ಲಿ ಬೆನಕಪ್ಪ ಬೆಂಚಿನಿಂದ ಎದ್ದು ಬಂದು, ಯಾರನ್ನೂ ಕೇಳದೆ, ಕಪ್ಪಾದವುಗಳಲ್ಲೇ ಎರಡು ಎತ್ತಿಕೊಂಡು ತಿನ್ನುತ್ತಿದ್ದ.